ಇಂಗ್ಲಿಷ್ ಭಾಷೆ, ಸಾಹಿತ್ಯ, ನಾಟಕ ಓದುವವರ ಪದಗೊಂದಲ: ಪದೇ ಪದೇ ಕೇಳುವ ಪ್ರಶ್ನೆಗಳು

ಬಿಎ, ಎಂಎಯಲ್ಲಿ ಇಂಗ್ಲಿಷ್ ತೆಗೆದುಕೊಂಡ ಮಕ್ಕಳು ವರ್ಷ ವರ್ಷವೂ ಕೇಳುವ ಪ್ರಶ್ನೆಗಳಿವು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಬಂದವರು ಜಾಸ್ತಿ ಕೇಳುತ್ತಾರೆ. ನಾನೂ ಅದೇ ದಾರಿಯಲ್ಲಿ ಬಂದವಳು. 'ಸೊಲಿಲಕ್ವಿ' ಅನ್ನುವ ಪದ ಮೊದಲ ಸಲ ಕಿವಿಗೆ ಬಿದ್ದಾಗ ಅದು ಯಾವುದೋ ಊರಿನ ಹೆಸರು ಅಂದುಕೊಂಡಿದ್ದೆ. ಕೈ ಎತ್ತಿ ಕೇಳುವ ಧೈರ್ಯ ಇರಲಿಲ್ಲ. ಇಲ್ಲಿ ಕೈ ಎತ್ತಬೇಕಿಲ್ಲ, ಓದಿಕೊಂಡು ಹೋದರೆ ಸಾಕು.

ಇಷ್ಟೊಂದು ಪದಗಳನ್ನು ಬಾಯಿಪಾಠ ಮಾಡಲೇಬೇಕಾ?

ಬೇಡ. ಕವಿತೆ ಓದುವಾಗ ಏನೋ ಒಂದು ನಿಮ್ಮನ್ನು ತಟ್ಟುತ್ತದೆ. ಅದಕ್ಕೆ ಯಾರೋ ಮೊದಲೇ ಹೆಸರಿಟ್ಟಿದ್ದಾರೆ, ಅಷ್ಟೇ. ತಟ್ಟಿದ್ದು ಮೊದಲು, ಹೆಸರು ಆಮೇಲೆ. ಹೆಸರನ್ನೇ ಮೊದಲು ಉರು ಹೊಡೆದು, ಅದನ್ನು ಅಂಟಿಸಲು ಕವಿತೆಯಲ್ಲಿ ಜಾಗ ಹುಡುಕುವ ಅಭ್ಯಾಸವೇ ಎಲ್ಲ ಗೊಂದಲದ ಬೇರು.

ಒಂದು ನೋಟ್‌ಬುಕ್ ಇಡಿ. ಪದ ಬರೆಯಿರಿ. ಅರ್ಥವನ್ನು ನಿಮ್ಮ ಮಾತಿನಲ್ಲೇ ಒಂದು ಸಾಲು ಬರೆಯಿರಿ. ಸಿಲಬಸ್ಸಿನ ಪಠ್ಯದಿಂದ ಒಂದು ಉದಾಹರಣೆ, ಮನೆಯಲ್ಲೋ ಬಸ್ಸಿನಲ್ಲೋ ಕೇಳಿದ ಕನ್ನಡ ಮಾತಿನಿಂದ ಇನ್ನೊಂದು. ಎರಡನೆಯದು ಸಿಗದಿದ್ದರೆ ಪದ ಇನ್ನೂ ಅರ್ಥವಾಗಿಲ್ಲ ಅಂತಲೇ ತಿಳಿಯಿರಿ.

ಸಿಮಿಲಿ, ಮೆಟಫರ್ ಅಂದರೆ ನಮ್ಮ ಉಪಮೆ, ರೂಪಕವೇ ಅಲ್ವಾ?

ಹೌದು, ಹೆಚ್ಚುಕಡಿಮೆ. ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಉಪಮೇಯ, ಉಪಮಾನ, ಸಮಾನ ಧರ್ಮ ಅಂತ ಬಿಡಿಸಿ ಬರೆದದ್ದು ನೆನಪಿದೆಯಾ? ಐ. ಎ. ರಿಚರ್ಡ್ಸ್ ಎಂಬ ವಿಮರ್ಶಕ 1936ರಲ್ಲಿ ಮೆಟಫರ್ ಅನ್ನು 'ಟೆನರ್' ಮತ್ತು 'ವೆಹಿಕಲ್' ಎಂದು ಬಿಡಿಸಿದ. ಟೆನರ್ ಎಂದರೆ ಉಪಮೇಯ, ವೆಹಿಕಲ್ ಎಂದರೆ ಉಪಮಾನ. ಎರಡಕ್ಕೂ ಸಾಮಾನ್ಯವಾದದ್ದು 'ಗ್ರೌಂಡ್', ಅಂದರೆ ಸಮಾನ ಧರ್ಮ. ಇಂಗ್ಲಿಷ್ ಮೀಡಿಯಂನವರು ಇದನ್ನು ಎಂಎಯಲ್ಲಿ ಕಲಿಯುತ್ತಾರೆ. ನೀವು ಆಗಲೇ ಅದರ ಮೇಲೆ ಪರೀಕ್ಷೆ ಬರೆದು ಬಂದಿದ್ದೀರಿ.

ಒಂದು ವ್ಯತ್ಯಾಸ ಇದೆ. ಇಂಗ್ಲಿಷಿನಲ್ಲಿ ಮೆಟಫರ್ ಎಂಬುದು ಬರೀ ಅಲಂಕಾರವಲ್ಲ, ಮಾತು ನಡೆಯುವ ರೀತಿಯೇ ಹೌದು. ಕುರ್ಚಿಯ ಕಾಲು, ಸೂಜಿಯ ಕಣ್ಣು ಅನ್ನುವಾಗ ನಮಗೆ ರೂಪಕ ಕಾಣುವುದೇ ಇಲ್ಲ. ಬಳಸಿ ಬಳಸಿ ಸವೆದ ಇಂಥದ್ದಕ್ಕೆ 'ಡೆಡ್ ಮೆಟಫರ್' ಅನ್ನುತ್ತಾರೆ.

ಮೆಟನಿಮಿ ಮತ್ತು ಸಿನೆಕ್ಡಕಿ ಪ್ರತಿ ಸಲ ಅದಲುಬದಲಾಗುತ್ತವೆ. ಏನು ಮಾಡಲಿ?

ಕನ್ನಡದಲ್ಲಿ ಯೋಚಿಸಿ. 'ವಿಧಾನಸೌಧ ಇದಕ್ಕೆ ಒಪ್ಪಲಿಲ್ಲ.' ಕಟ್ಟಡ ಒಪ್ಪುವುದೂ ಇಲ್ಲ, ಬಿಡುವುದೂ ಇಲ್ಲ. ಸರ್ಕಾರಕ್ಕೂ ಆ ಕಟ್ಟಡಕ್ಕೂ ನಂಟಿದೆ, ಆದರೆ ಕಟ್ಟಡ ಸರ್ಕಾರದ ಅಂಗವಲ್ಲ. ಇದು ಮೆಟನಿಮಿ. 'ಬೀದಿಗೆ ಖಾಕಿ ಬಂತು' ಅನ್ನುವುದೂ ಅದೇ.

'ಮನೇಲಿ ಎಂಟು ಬಾಯಿಗೆ ಅನ್ನ ಹಾಕಬೇಕು.' ಬಾಯಿ ಮನುಷ್ಯನದೇ ಒಂದು ಭಾಗ. ಭಾಗ ಹೇಳಿ ಇಡೀ ಮನುಷ್ಯನನ್ನು ಸೂಚಿಸಿದ್ದೇವೆ. ಇದು ಸಿನೆಕ್ಡಕಿ. ನಂಟಾದರೆ ಮೆಟನಿಮಿ, ಅಂಗವಾದರೆ ಸಿನೆಕ್ಡಕಿ. ಇವೆರಡರ ಗಡಿಯಲ್ಲಿ ವಿದ್ವಾಂಸರೂ ಜಗಳವಾಡುತ್ತಾರೆ. ಹಾಗಾಗಿ ಒಂದು ಸಲ ತಪ್ಪಾದರೆ ತಲೆ ಕೆಡಿಸಿಕೊಳ್ಳಬೇಡಿ.

ಐರನಿ ಅಂದರೆ ವ್ಯಂಗ್ಯ ಅಂತ ಬರೆದರೆ ಸಾಕಾ?

ಸಾಕಾಗದು. ಐರನಿಯಲ್ಲಿ ಮೂರು ಬಗೆ, ವ್ಯಂಗ್ಯ ಅದರಲ್ಲಿ ಒಂದಕ್ಕೆ ಮಾತ್ರ ಸರಿಹೊಂದುತ್ತದೆ. ಧೋ ಅಂತ ಮಳೆ ಸುರಿಯುವಾಗ 'ಆಹಾ, ಎಂಥಾ ಬಿಸಿಲು' ಅಂದರೆ ಅದು ವರ್ಬಲ್ ಐರನಿ. ಅಗ್ನಿಶಾಮಕ ಠಾಣೆಗೇ ಬೆಂಕಿ ಬಿದ್ದರೆ ಸಿಚುಯೇಷನಲ್ ಐರನಿ.

ನಾಟಕ ಓದುವವರಿಗೆ ಬೇಕಾದದ್ದು ಮೂರನೆಯದು, ಡ್ರಾಮಾಟಿಕ್ ಐರನಿ. ನೋಡುವವರಿಗೆ ಗೊತ್ತು, ಪಾತ್ರಕ್ಕೆ ಗೊತ್ತಿಲ್ಲ. ಗ್ರೀಕ್ ನಾಟಕಕಾರ ಸೊಫೋಕ್ಲಿಸ್‌ನ ಈಡಿಪಸ್ ಹಳೆಯ ರಾಜನನ್ನು ಕೊಂದವನನ್ನು ಹಿಡಿದೇ ತೀರುತ್ತೇನೆ ಅಂತ ಊರೆದುರು ಶಪಥ ಮಾಡುತ್ತಾನೆ. ಕೊಂದವನು ತಾನೇ. ಗ್ರೀಕ್ ಪ್ರೇಕ್ಷಕರಿಗೆ ಕಥೆ ಮೊದಲೇ ಗೊತ್ತಿತ್ತು. ನಮ್ಮೂರಿನಲ್ಲಿ ರಾತ್ರಿಯಿಡೀ ಕೂತು ಯಕ್ಷಗಾನ ನೋಡುವವರಿಗೂ ಕಥೆ ಗೊತ್ತಿರುತ್ತದೆ ಅಲ್ವಾ? ಕೊನೆ ಗೊತ್ತಿದ್ದೂ ಕೂರುವುದರಲ್ಲಿ ಬೇರೆಯದೇ ರುಚಿ ಇದೆ. ಪ್ರತಿ ಮಾತೂ ಎರಡು ಸಲ ಕೇಳಿಸುತ್ತದೆ: ಪಾತ್ರಕ್ಕೆ ಒಂದು ಅರ್ಥ, ನಮಗೆ ಇನ್ನೊಂದು.

ಬರೀ ದುರದೃಷ್ಟಕ್ಕೆ ಐರನಿ ಅನ್ನಬೇಡಿ. ಮದುವೆ ದಿನ ಮಳೆ ಬಂದರೆ ಅದು ಮಳೆ. ಹವಾಮಾನ ಇಲಾಖೆಯವರು ಪಿಕ್ನಿಕ್‌ಗೆ ಹೋದ ದಿನವೇ ಮಳೆ ಬಂದರೆ, ಆಗ ಮಾತಾಡೋಣ.

ಐಯಾಂಬಿಕ್ ಪೆಂಟಾಮೀಟರ್ ಎಷ್ಟು ಓದಿದರೂ ತಲೆಗೆ ಹತ್ತುವುದಿಲ್ಲ. ಯಾಕೆ?

ನಮ್ಮ ಕಿವಿ ಬೇರೆಯದನ್ನು ಎಣಿಸಿ ಬೆಳೆದಿದೆ, ಅದಕ್ಕೆ. ಕನ್ನಡದಲ್ಲಿ ಪ್ರಸ್ತಾರ ಹಾಕುವಾಗ ನಾವು ಲಘು ಯಾವುದು, ಗುರು ಯಾವುದು ಅಂತ ನೋಡುತ್ತೇವೆ. ಎಷ್ಟು ಹೊತ್ತು ಉಚ್ಚರಿಸುತ್ತೇವೆ ಎಂಬುದೇ ಅಲ್ಲಿ ಲೆಕ್ಕ. ಇಂಗ್ಲಿಷಿನಲ್ಲಿ ಹೊತ್ತಲ್ಲ, ಒತ್ತು. ಒಂದು ಸಿಲಬಲ್ (ಒಂದೇ ಉಸಿರಿಗೆ ಹೇಳುವ ಪದದ ತುಂಡು) ಮೇಲೆ ಭಾರ ಬೀಳುತ್ತದೆ, ಪಕ್ಕದ್ದು ಹಗುರಾಗುತ್ತದೆ.

'ಐಯಾಂಬ್' ಎಂದರೆ ಹಗುರ, ಭಾರ. 'ಪೆಂಟಾ' ಎಂದರೆ ಐದು. ಸಾಲಿಗೆ ಐದು ಜೋಡಿ, ಹತ್ತು ಸಿಲಬಲ್. ಕ್ಲಾಸಿನಲ್ಲಿ ನಾನು ಹೇಳಿಕೊಡುವ ಸಾಲು ಇದು:

ದ ಬಸ್ ಟು ಹಾಸನ್ ಲೆಫ್ಟ್ ಅಟ್ ಹಾಫ್ ಪಾಸ್ಟ್ ಟೆನ್.

ಬೆಂಚು ತಟ್ಟಿಕೊಂಡು ಹೇಳಿ. ಬಸ್, ಹಾ, ಲೆಫ್ಟ್, ಹಾಫ್, ಟೆನ್ ಇವುಗಳ ಮೇಲೆ ಮಾತ್ರ ತಟ್ಟಬೇಕು. ಐದು ಪೆಟ್ಟು. ಶೇಕ್ಸ್‌ಪಿಯರ್ ನಾಟಕಗಳ ಪದ್ಯದ ಸಾಲುಗಳು ಹೆಚ್ಚಾಗಿ ಇದೇ ಲಯದಲ್ಲಿವೆ, ಹಾಸನದ ಬಸ್ಸು ಮಾತ್ರ ಇಲ್ಲ.

ಇನ್ನೊಂದು ಸಂಗತಿ ಗೊತ್ತಾದಾಗ ನನಗೆ ತುಂಬಾ ಖುಷಿಯಾಗಿತ್ತು. ಐಯಾಂಬ್ ಎಂಬ ಹೆಸರು ಗ್ರೀಕ್‌ನಿಂದ ಬಂದದ್ದು. ಗ್ರೀಕ್ ಮತ್ತು ಲ್ಯಾಟಿನ್‌ನಲ್ಲಿ ಅದರ ಅರ್ಥ ಹಗುರ-ಭಾರ ಅಲ್ಲ, ಲಘು-ಗುರು! ಅವರೂ ನಮ್ಮ ಹಾಗೆ ಉಚ್ಚಾರದ ಉದ್ದವನ್ನೇ ಎಣಿಸುತ್ತಿದ್ದರು. ಇಂಗ್ಲಿಷಿನವರು ಹೆಸರು ಮಾತ್ರ ಎರವಲು ತಂದು ತಮ್ಮ ಒತ್ತಿಗೆ ಹೊಂದಿಸಿಕೊಂಡರು. ಅಂದರೆ ಐಯಾಂಬ್‌ನ ಮೂಲ ಅರ್ಥಕ್ಕೆ ಇಂಗ್ಲಿಷ್ ಮಕ್ಕಳಿಗಿಂತ ನೀವೇ ಹತ್ತಿರ.

ಬ್ಲಾಂಕ್ ವರ್ಸ್, ಫ್ರೀ ವರ್ಸ್ ಎರಡೂ ಒಂದೇನಾ?

ಅಲ್ಲ. ಬ್ಲಾಂಕ್ ವರ್ಸ್‌ಗೆ ಲಯದ ಕಟ್ಟು ಇದೆ, ಪ್ರಾಸ ಇಲ್ಲ. ಫ್ರೀ ವರ್ಸ್‌ಗೆ ಎರಡರ ಕಟ್ಟೂ ಇಲ್ಲ. 16ನೇ ಶತಮಾನದಲ್ಲಿ ಸರ್ರೆಯ ಅರ್ಲ್ ಎಂಬ ಕವಿ ವರ್ಜಿಲ್‌ನ ಮಹಾಕಾವ್ಯದ ಭಾಗಗಳನ್ನು ಅನುವಾದಿಸುವಾಗ ಬ್ಲಾಂಕ್ ವರ್ಸ್ ಅನ್ನು ಇಂಗ್ಲಿಷಿಗೆ ತಂದ. ಆಮೇಲೆ ನಾಟಕಕಾರರು ಅದನ್ನು ಕೈಗೆತ್ತಿಕೊಂಡರು. ಮಿಲ್ಟನ್ 1667ರಲ್ಲಿ ಪ್ರಕಟಿಸಿದ ಮಹಾಕಾವ್ಯವೂ ಇದರಲ್ಲೇ ಇದೆ. ಕನ್ನಡದಲ್ಲಿ ಇದಕ್ಕೆ ಸಾಟಿಯಾಗಿ ನಿಂತದ್ದು ಸರಳ ರಗಳೆ. ರಗಳೆಯ ಐದು ಮಾತ್ರೆಯ ನಡೆ ಉಳಿಸಿಕೊಂಡು ಪ್ರಾಸ ಬಿಟ್ಟರು. ಕುವೆಂಪು ನಾಟಕಗಳನ್ನು ಓದಿದವರಿಗೆ ಆ ನಡೆ ಪರಿಚಯ.

ಪ್ರಾಸದ ವಿಷಯ ಬಂದದ್ದಕ್ಕೆ ಒಂದು ಎಚ್ಚರಿಕೆ. ಇಂಗ್ಲಿಷಿನ 'ರೈಮ್' ಸಾಮಾನ್ಯವಾಗಿ ಸಾಲಿನ ಕೊನೆಯಲ್ಲಿ ಬರುತ್ತದೆ. ನಮ್ಮ ಹಳೆಯ ಕಾವ್ಯದಲ್ಲಿ ಕಡ್ಡಾಯವಾಗಿದ್ದದ್ದು ಸಾಲಿನ ಎರಡನೇ ಅಕ್ಷರದ ಪ್ರಾಸ. ಗೋವಿಂದ ಪೈ ಆ ಕಡ್ಡಾಯವನ್ನು ಬಿಟ್ಟು ಬರೆದಾಗ ಅದು ದೊಡ್ಡ ಹೆಜ್ಜೆಯೇ ಆಗಿತ್ತು. ಹಾಗಾಗಿ 'ರೈಮ್ ಸ್ಕೀಮ್ ಬರೆಯಿರಿ' ಅಂದರೆ ಕಣ್ಣು ಸಾಲಿನ ಬಾಲದ ಕಡೆ ಹೋಗಲಿ, ತಲೆಯ ಕಡೆ ಅಲ್ಲ.

ಸಾನೆಟ್‌ಗೆ 14 ಸಾಲು. ಅಷ್ಟು ಗೊತ್ತಿದ್ದರೆ ಸಾಲದಾ?

ಸಾಲುಗಳ ಎಣಿಕೆಗಿಂತ ಅದು ಎಲ್ಲಿ ತಿರುಗುತ್ತದೆ ಎಂಬುದು ಮುಖ್ಯ. ಆ ತಿರುವಿಗೆ 'ವೋಲ್ಟಾ' ಎಂದು ಹೆಸರು. ಇಟಲಿಯ ಕವಿ ಪೆಟ್ರಾರ್ಕ್‌ನ ಬಗೆಯಲ್ಲಿ ಎಂಟು ಸಾಲು ಒಂದು ವಿಷಯ ಎತ್ತುತ್ತದೆ, ಆರು ಸಾಲು ಅದಕ್ಕೆ ಉತ್ತರ ಕೊಡುತ್ತದೆ. ತಿರುವು ಒಂಬತ್ತನೇ ಸಾಲಿನ ಹತ್ತಿರ. ಶೇಕ್ಸ್‌ಪಿಯರ್ ಬಗೆಯಲ್ಲಿ ನಾಲ್ಕು ಸಾಲಿನ ಮೂರು ಕಟ್ಟು, ಕೊನೆಗೆ ಒಂದು ಜೋಡಿ ಸಾಲು. ಅಲ್ಲಿ ತಿರುವು ಬಹಳ ಸಲ ಕೊನೆಯ ಎರಡು ಸಾಲಿಗೇ ಕಾದಿರುತ್ತದೆ. 1609ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ 154 ಸಾನೆಟ್‌ಗಳಿವೆ. ಕನ್ನಡದಲ್ಲಿ ಇದಕ್ಕೆ 'ಸುನೀತ' ಅಂತ ಚೆಂದದ ಹೆಸರಿದೆ. ಓಡ್ ಪ್ರಗಾಥವಾಯಿತು, ಎಲಿಜಿ ಶೋಕಗೀತೆಯಾಯಿತು, ಲಿರಿಕ್ ಭಾವಗೀತೆಯಾಯಿತು.

'ಹಮಾರ್ಟಿಯ' ಅಂದರೆ ನಾಯಕನ ದುರ್ಗುಣ. ಸರಿ ತಾನೇ?

ಗೈಡುಗಳಲ್ಲಿ ಹಾಗೇ ಇರುತ್ತದೆ. ನನಗೆ ಅತಿ ಹೆಚ್ಚು ಸಿಟ್ಟು ಬರಿಸುವ ಉತ್ತರವೂ ಇದೇ.

ಹಮಾರ್ಟಿಯ ಎಂಬ ಗ್ರೀಕ್ ಪದದ ಹಿಂದಿರುವ ಚಿತ್ರ ಗುರಿ ತಪ್ಪಿದ ಬಾಣದ್ದು. ಬಾಣ ಬಿಟ್ಟವನು ಕೆಟ್ಟವನಾಗಿರಬೇಕಿಲ್ಲ. ಕ್ರಿಸ್ತಪೂರ್ವ 4ನೇ ಶತಮಾನದ ಅರಿಸ್ಟಾಟಲ್ ದುರಂತ ನಾಟಕದ ಬಗ್ಗೆ ಬರೆಯುವಾಗ, ನಾಯಕ ಬೀಳುವುದು ಕೆಟ್ಟತನದಿಂದಲ್ಲ, ಒಂದು ಹಮಾರ್ಟಿಯದಿಂದ ಎನ್ನುತ್ತಾನೆ. ಈಡಿಪಸ್ ತಂದೆಯನ್ನು, ಅಂದರೆ ಆ ಹಳೆಯ ರಾಜನನ್ನು, ಕೊಂದದ್ದು ತಂದೆ ಅಂತ ಗೊತ್ತಿಲ್ಲದೆ. ಅದು ತಿಳಿಯದೆ ಮಾಡಿದ ತಪ್ಪು. ಮುಂದೆ ಕ್ರೈಸ್ತರ ಹೊಸ ಒಡಂಬಡಿಕೆಯ ಗ್ರೀಕ್‌ನಲ್ಲಿ ಇದೇ ಪದ 'ಪಾಪ' ಎಂಬ ಅರ್ಥದಲ್ಲಿ ಬಂತು. 'ಟ್ರ್ಯಾಜಿಕ್ ಫ್ಲಾ' ಎಂಬ ಇಂಗ್ಲಿಷ್ ಪದ ಬಂದ ಮೇಲಂತೂ ಎಲ್ಲರೂ ನಾಯಕನೊಳಗೆ ಒಂದು ದುರ್ಗುಣ ಹುಡುಕತೊಡಗಿದರು. ಶೇಕ್ಸ್‌ಪಿಯರ್‌ನ ನಾಯಕರಲ್ಲಿ ಮ್ಯಾಕ್‌ಬೆತ್‌ಗೆ ಅತಿಯಾಸೆ, ಒಥೆಲ್ಲೋಗೆ ಹೊಟ್ಟೆಕಿಚ್ಚು, ಹ್ಯಾಮ್ಲೆಟ್‌ಗೆ ವಿಳಂಬ. ಕಾಯಿಲೆಗೊಂದು ಮಾತ್ರೆ ಬರೆದುಕೊಟ್ಟ ಹಾಗೆ!

ಪರೀಕ್ಷೆಯಲ್ಲಿ ಹೀಗೆ ಬರೆದರೂ ಅಂಕ ಬರುತ್ತದೆ, ನಿಜ. ಆದರೆ ನಾಯಕ ಎಲ್ಲಿ, ಯಾವ ಕ್ಷಣದಲ್ಲಿ, ಏನನ್ನು ತಪ್ಪು ತಿಳಿದ ಅಂತ ಹುಡುಕಿ ನೋಡಿ. ಅದೇ ನಾಟಕ ಬೇರೆ ಥರ ಕಾಣುತ್ತದೆ.

ಜೊತೆಗೆ ಎರಡು ಪದ ಇಟ್ಟುಕೊಳ್ಳಿ. ಪರಿಸ್ಥಿತಿ ತಲೆಕೆಳಗಾಗುವುದು 'ಪೆರಿಪೆಟಿಯ'. ಸತ್ಯ ಗೊತ್ತಾಗುವುದು 'ಅನಗ್ನೋರಿಸಿಸ್'. ಈಡಿಪಸ್ ನಾಟಕದಲ್ಲಿ ಕೊರಿಂತ್‌ನಿಂದ ಬಂದ ದೂತ ರಾಜನ ಭಯ ಕಳೆಯಲು ಹೋಗಿ, ಅವನು ಯಾರ ಮಗ ಎಂಬ ಗುಟ್ಟನ್ನೇ ಬಿಚ್ಚಿಬಿಡುತ್ತಾನೆ. ಎರಡೂ ಒಟ್ಟಿಗೇ ಬಂದು ಬಡಿಯುತ್ತವೆ. ಹಾಗೆ ಬಂದರೇ ಉತ್ತಮ ಎಂಬುದು ಅರಿಸ್ಟಾಟಲ್‌ನ ಮಾತು ಕೂಡ.

ಕಥಾರ್ಸಿಸ್ ಅನ್ನು ರಸ ಅಂತ ಅನುವಾದಿಸಬಹುದಾ?

ದಯವಿಟ್ಟು ಬೇಡ. ರಸ ಎಂಬುದು ನೋಡುವವನು ಸವಿಯುವ ಅನುಭವ, ಅದರಲ್ಲಿ ಶೃಂಗಾರವೂ ಇದೆ, ಹಾಸ್ಯವೂ ಇದೆ. ಕಥಾರ್ಸಿಸ್ ದುರಂತ ನಾಟಕಕ್ಕೆ ಸೇರಿದ ಮಾತು. ಕರುಣೆ ಮತ್ತು ಭಯ ಎರಡನ್ನೂ ಎಬ್ಬಿಸಿ ಅವುಗಳಿಗೆ ಏನೋ ಒಂದು ಶುದ್ಧಿ ಆಗುತ್ತದೆ ಎಂದು ಅರಿಸ್ಟಾಟಲ್ ಹೇಳಿದ. ಆ 'ಏನೋ' ಏನು ಅಂತ ಅವನು ಬಿಡಿಸಿ ಹೇಳಲಿಲ್ಲ. ಹೊಟ್ಟೆ ತೊಳೆದ ಹಾಗೆ ಭಾವ ಹೊರಹಾಕುವುದಾ? ಬಟ್ಟೆ ಒಗೆದ ಹಾಗೆ ಶುಚಿ ಮಾಡುವುದಾ? ಅಥವಾ ಮನಸ್ಸಿಗೆ ಸ್ಪಷ್ಟವಾಗುವುದಾ? ನೂರಾರು ವರ್ಷಗಳಿಂದ ಚರ್ಚೆ ನಡೆದೇ ಇದೆ.

ರಸದ ಜೊತೆ ಹೋಲಿಸಿ ಬರೆಯಬಹುದು, ಒಳ್ಳೆಯ ಪ್ರಬಂಧವೇ ಆದೀತು. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಬಾರದು, ಅಷ್ಟೇ. ಬಿ. ಎಂ. ಶ್ರೀಕಂಠಯ್ಯನವರು ಟ್ರ್ಯಾಜಿಡಿಯ ರುಚಿಯನ್ನು ಕನ್ನಡಕ್ಕೆ ತರಲು ಹೊರಟಾಗ ಸಿದ್ಧಾಂತ ಹೇಳಿ ಸುಮ್ಮನಾಗಲಿಲ್ಲ. ಸೊಫೋಕ್ಲಿಸ್‌ನ ಏಜಾಕ್ಸ್‌ನ ಕಥೆಗೆ ಮಹಾಭಾರತದ ಅಶ್ವತ್ಥಾಮನನ್ನು ತಂದು 'ಅಶ್ವತ್ಥಾಮನ್' ಎಂಬ ನಾಟಕವನ್ನೇ ಬರೆದರು. ಪದ ಅನುವಾದಿಸುವುದಕ್ಕಿಂತ ಅದು ದೊಡ್ಡ ಕೆಲಸ.

ಸೊಲಿಲಕ್ವಿ, ಮೊನೊಲಾಗ್, ಅಸೈಡ್: ಏನು ವ್ಯತ್ಯಾಸ?

ಯಾರು ಕೇಳುತ್ತಿದ್ದಾರೆ ಅಂತ ನೋಡಿ. ಒಬ್ಬನೇ ನಿಂತು ತನ್ನೊಳಗೆ ತಾನೇ ಮಾತಾಡಿಕೊಂಡರೆ ಸೊಲಿಲಕ್ವಿ, ಅಂದರೆ ಸ್ವಗತ. ಬೇರೆಯವರ ಎದುರು ಒಬ್ಬನೇ ಉದ್ದಕ್ಕೆ ಮಾತಾಡಿದರೆ ಮೊನೊಲಾಗ್. ವೇದಿಕೆ ಮೇಲೆ ಉಳಿದವರು ಇದ್ದಾಗಲೇ ಅವರಿಗೆ ಕೇಳಿಸದ ಹಾಗೆ ಪ್ರೇಕ್ಷಕರ ಕಡೆ ತಿರುಗಿ ಒಂದು ಮಾತು ಎಸೆದರೆ ಅಸೈಡ್.

ಸೊಲಿಲಕ್ವಿಯಲ್ಲಿ ಪಾತ್ರ ನಿಜವನ್ನೇ ಹೇಳುತ್ತದೆ ಎಂಬುದು ರೂಢಿ. ಆದರೆ ತನಗೆ ತಾನೇ ಸುಳ್ಳು ಹೇಳಿಕೊಳ್ಳಬಹುದು! 'ಒಥೆಲ್ಲೋ' ನಾಟಕದ ಖಳ ಇಯಾಗೋ ಒಥೆಲ್ಲೋನನ್ನು ಯಾಕೆ ದ್ವೇಷಿಸುತ್ತೇನೆ ಅಂತ ಒಂದೊಂದು ಸಲ ಒಂದೊಂದು ಕಾರಣ ಕೊಡುತ್ತಾನೆ. ಯಾವುದನ್ನು ನಂಬುವುದು?

ಡ್ರಾಮಾಟಿಕ್ ಮೊನೊಲಾಗ್ ಎಂಬುದು ನಾಟಕವಲ್ಲ, ಕವಿತೆ. ಅಲ್ಲಿ ಒಂದು ಪಾತ್ರ ಇನ್ನೊಬ್ಬ ಮೌನಿಯ ಎದುರು ಮಾತಾಡುತ್ತಾ ತನಗೇ ಗೊತ್ತಿಲ್ಲದೆ ತನ್ನ ಗುಣ ಬಿಟ್ಟುಕೊಡುತ್ತದೆ. ರಾಬರ್ಟ್ ಬ್ರೌನಿಂಗ್ ಇದರಲ್ಲಿ ಪಳಗಿದವನು.

ಸ್ಟೇಜ್ ಲೆಫ್ಟ್ ಅಂದರೆ ಯಾರ ಎಡ?

ನಟನ ಎಡ. ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತ ನಟನದು. ಹಿಂದಿನ ಕಾಲದಲ್ಲಿ ವೇದಿಕೆ ಹಿಂದಕ್ಕೆ ಏರುತ್ತಾ ಹೋಗುತ್ತಿತ್ತು, ಹಾಗಾಗಿ ಹಿಂಭಾಗ 'ಅಪ್‌ಸ್ಟೇಜ್', ಮುಂಭಾಗ 'ಡೌನ್‌ಸ್ಟೇಜ್'. 'ಎಕ್ಸಿಟ್' ಎಂದರೆ ಒಬ್ಬ ಹೋಗುತ್ತಾನೆ, 'ಎಕ್ಸಿಯಂಟ್' ಎಂದರೆ ಒಬ್ಬರಿಗಿಂತ ಹೆಚ್ಚು ಜನ ಹೋಗುತ್ತಾರೆ. ಲ್ಯಾಟಿನ್‌ನ ಏಕವಚನ, ಬಹುವಚನ.

ಎಲಿಯನೇಷನ್ ಎಫೆಕ್ಟ್ ಅಂದರೆ ಪ್ರೇಕ್ಷಕರಿಗೆ ಬೋರ್ ಹೊಡೆಸುವುದಾ?

ಒಬ್ಬ ಹುಡುಗ ನಿಜವಾಗಲೂ ಹೀಗೇ ಕೇಳಿದ್ದ. ಅಲ್ಲ. ಜರ್ಮನ್ ನಾಟಕಕಾರ ಬ್ರೆಕ್ಟ್‌ಗೆ ಪ್ರೇಕ್ಷಕರು ಕಣ್ಣೀರಲ್ಲಿ ಮುಳುಗಿ ಮೈಮರೆಯುವುದು ಬೇಡವಾಗಿತ್ತು. 'ಇದು ನಾಟಕ, ಇದು ಹೀಗೇ ಯಾಕೆ ಆಗಬೇಕು?' ಅಂತ ಅವರು ಯೋಚಿಸಬೇಕಿತ್ತು. ಅದಕ್ಕೆ ನಡುವೆ ಹಾಡು, ಫಲಕ, ಪ್ರೇಕ್ಷಕರ ಜೊತೆ ನೇರ ಮಾತು ಇವನ್ನೆಲ್ಲ ತಂದ. ಪರಿಚಿತವಾದದ್ದನ್ನು ಅಪರಿಚಿತ ಮಾಡಿ ತೋರಿಸುವುದೇ ಇದರ ಸಾರ. 1935ರಲ್ಲಿ ಮಾಸ್ಕೋದಲ್ಲಿ ಚೀನಾದ ನಟ ಮೇ ಲಾನ್‌ಫಾಂಗ್‌ನ ಅಭಿನಯ ನೋಡಿದ್ದು ಅವನ ಯೋಚನೆಯನ್ನು ಗಟ್ಟಿ ಮಾಡಿತು.

ಇದು ನಮಗೆ ಅಷ್ಟೇನೂ ಹೊಸದು ಅನ್ನಿಸುವುದಿಲ್ಲ. ಯಕ್ಷಗಾನದಲ್ಲಿ ಭಾಗವತರು ವೇದಿಕೆ ಮೇಲೇ ಕೂತಿರುತ್ತಾರೆ. ಪಾತ್ರವನ್ನೇ ನಿಲ್ಲಿಸಿ ನೀನು ಯಾರು, ಎಲ್ಲಿಂದ ಬಂದೆ ಅಂತ ಕೇಳುತ್ತಾರೆ. ಗಿರೀಶ ಕಾರ್ನಾಡರ 'ಹಯವದನ'ದಲ್ಲಿ ಭಾಗವತ ಇರುವುದನ್ನು ನೋಡಿ. ಆದರೆ ಉದ್ದೇಶ ಬೇರೆ. ಭಾಗವತರು ಮಾತಿಗೆ ಎಳೆಯುವುದು ಕಥೆ ಬೆಳೆಸಲು. ಬ್ರೆಕ್ಟ್ ಅಡ್ಡ ಬರುವುದು ಸಮಾಜದ ಬಗ್ಗೆ ಪ್ರಶ್ನೆ ಎಬ್ಬಿಸಲು.

ಶೇಕ್ಸ್‌ಪಿಯರ್ ಬರೆದದ್ದು ಓಲ್ಡ್ ಇಂಗ್ಲಿಷ್ ಅಲ್ವಾ?

ಹಳೆಯ ಇಂಗ್ಲಿಷ್ ಹೌದು, 'ಓಲ್ಡ್ ಇಂಗ್ಲಿಷ್' ಅಲ್ಲ. ಓಲ್ಡ್ ಇಂಗ್ಲಿಷ್ ಸುಮಾರು 5ನೇ ಶತಮಾನದಿಂದ 12ನೇ ಶತಮಾನದವರೆಗಿನದು. ಅದನ್ನು ಈಗಿನ ಇಂಗ್ಲಿಷರೂ ಬೇರೆ ಭಾಷೆಯ ಹಾಗೆ ಕಲಿಯಬೇಕು. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಫ್ರೆಂಚ್ ಪದಗಳು ನುಗ್ಗಿದವು, ಮಿಡಲ್ ಇಂಗ್ಲಿಷ್ ಬಂತು. ಕವಿ ಚಾಸರ್ ಆ ಕಾಲದವನು. ಶೇಕ್ಸ್‌ಪಿಯರ್ (1564–1616) ಬರೆದದ್ದು ಅರ್ಲಿ ಮಾಡರ್ನ್ ಇಂಗ್ಲಿಷ್. ಪಂಪನ ಹಳಗನ್ನಡ, ಕುಮಾರವ್ಯಾಸನ ನಡುಗನ್ನಡ, ನಮ್ಮ ಹೊಸಗನ್ನಡ ಅಂತ ವಿಂಗಡಿಸುತ್ತೇವಲ್ಲ, ಹಾಗೆ.

ಇಲ್ಲಿ ಕನ್ನಡದವರಿಗೆ ಒಂದು ಲಾಭ ಇದೆ. ಆ ಕಾಲದ ಇಂಗ್ಲಿಷಿನಲ್ಲಿ 'ದೌ' ಮತ್ತು 'ಯು' ಎಂಬ ಎರಡು ಪದ ಇದ್ದವು. ದೌ ಅಂದರೆ ನೀನು, ಯು ಅಂದರೆ ನೀವು. ಸಲಿಗೆ, ಸಿಟ್ಟು, ತಾತ್ಸಾರ ಇದ್ದಲ್ಲಿ ದೌ. ಗೌರವ, ದೂರ ಇದ್ದಲ್ಲಿ ಯು. ಈಗಿನ ಇಂಗ್ಲಿಷಿಗೆ ಈ ಭೇದ ಹೋಗಿದೆ, ನಮಗೆ ದಿನಾ ಬೇಕು. ಒಂದು ಪಾತ್ರ ಇದ್ದಕ್ಕಿದ್ದ ಹಾಗೆ ಯು ಬಿಟ್ಟು ದೌ ಅಂತ ಶುರು ಮಾಡಿದರೆ ಅಲ್ಲಿ ಏನೋ ಆಗಿದೆ. ನೀವು ಅನ್ನುತ್ತಿದ್ದವರು ನಡು ಜಗಳದಲ್ಲಿ 'ನೀನು' ಅಂದರೆ ಮೈ ಉರಿಯುವುದಿಲ್ಲವೇ? ಅದನ್ನು ಪಠ್ಯದಲ್ಲಿ ಗುರುತಿಸಿ ಬರೆಯಿರಿ, ಮೇಷ್ಟ್ರು ಖುಷಿಯಾಗುತ್ತಾರೆ.

ರೊಮ್ಯಾಂಟಿಕ್ ಕವಿತೆ ಅಂದರೆ ಪ್ರೇಮ ಕವಿತೆ ತಾನೇ?

ಅಲ್ಲ. 1798ರಲ್ಲಿ ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್ ಸೇರಿ ತಂದ ಕವನ ಸಂಕಲನದಿಂದ ಈ ಕಾಲವನ್ನು ಲೆಕ್ಕ ಹಾಕುವುದು ರೂಢಿ. ನಿಸರ್ಗ, ಕಲ್ಪನೆ, ಸಾಮಾನ್ಯರ ಮಾತು ಇವು ಮುಖ್ಯ. ಕನ್ನಡದಲ್ಲಿ ನವೋದಯ ಅಂತ ಕರೆಯುವ ಕಾವ್ಯಕ್ಕೆ ಇದರ ಗಾಳಿ ಚೆನ್ನಾಗಿಯೇ ತಗುಲಿತ್ತು.

ಹೀಗೇ ದಾರಿ ತಪ್ಪಿಸುವ ಇನ್ನೊಂದು ಪದ 'ಪಥೆಟಿಕ್ ಫ್ಯಾಲಸಿ'. ಪಥೆಟಿಕ್ ಅಂದರೆ ಇಲ್ಲಿ ದರಿದ್ರ ಅಂತಲ್ಲ, ಭಾವಕ್ಕೆ ಸಂಬಂಧಿಸಿದ್ದು ಅಂತ. ಮೋಡ ಅಳುತ್ತದೆ, ಗಾಳಿ ಸಿಟ್ಟಾಗುತ್ತದೆ ಎಂದು ನಿಸರ್ಗಕ್ಕೆ ಮನುಷ್ಯರ ಭಾವ ಹಚ್ಚುವುದಕ್ಕೆ ವಿಮರ್ಶಕ ರಸ್ಕಿನ್ 1856ರಲ್ಲಿ ಕೊಟ್ಟ ಹೆಸರು.

ಕಾದಂಬರಿಯ 'ನಾನು' ಅಂದರೆ ಲೇಖಕರೇ ಅಲ್ವಾ?

ಇಲ್ಲ. ಅದು ನಿರೂಪಕ, 'ನರೇಟರ್'. ಲೇಖಕರು ಕಟ್ಟಿದ ಪಾತ್ರವೇ ಅದು. ಕೆಲವು ನಿರೂಪಕರನ್ನು ನಂಬಲೂ ಆಗದು. 'ಅನ್‌ರಿಲಯಬಲ್ ನರೇಟರ್' ಎಂಬ ಪದವನ್ನು ವಿಮರ್ಶಕ ವೇಯ್ನ್ ಬೂತ್ 1961ರಲ್ಲಿ ಚಾಲ್ತಿಗೆ ತಂದ.

ಇದಕ್ಕಿಂತ ಸೂಕ್ಷ್ಮವಾದದ್ದು 'ಫ್ರೀ ಇನ್‌ಡೈರೆಕ್ಟ್ ಸ್ಪೀಚ್'. 'ಅವಳು ಕಿಟಕಿಯಿಂದ ನೋಡಿದಳು. ಛೆ, ಇವತ್ತೂ ಅವನು ಬರಲಿಲ್ಲ.' ಎರಡನೇ ವಾಕ್ಯ ಯಾರದು? ಹೇಳುತ್ತಿರುವುದು ನಿರೂಪಕ, ಆದರೆ ಆ 'ಛೆ' ಅವಳದು. 'ಎಂದು ಅಂದುಕೊಂಡಳು' ಎಂಬ ಬಾಲ ಇಲ್ಲದೆ ಎರಡು ದನಿ ಬೆರೆತಿವೆ. ಜೇನ್ ಆಸ್ಟನ್ ಇದನ್ನು ಬಳಸಿ ಪಾತ್ರಗಳನ್ನು ನವಿರಾಗಿ ಗೇಲಿ ಮಾಡುತ್ತಾಳೆ. ಗೇಲಿ ಅಂತ ಗೊತ್ತಾಗುವುದೂ ಎರಡನೇ ಓದಿಗೆ.

ಫೋನೀಮ್ ಅಂದರೆ ಅಕ್ಷರನಾ?

ಅಕ್ಷರ ಅಲ್ಲ, ಧ್ವನಿ. ಬದಲಿಸಿದರೆ ಪದದ ಅರ್ಥವೇ ಬದಲಾಗುವ ಧ್ವನಿ. ಮನೆ, ಮಣೆ. ಕಲೆ, ಕಳೆ. ಒಂದೇ ಧ್ವನಿ ಬೇರೆ, ಅರ್ಥ ಪೂರ್ತಿ ಬೇರೆ. ಇಂಥ ಜೋಡಿಗೆ 'ಮಿನಿಮಲ್ ಪೇರ್' ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಅಕ್ಷರ 26, ಆದರೆ ಬ್ರಿಟನ್ನಿನ ಪ್ರಮಾಣ ಉಚ್ಚಾರಣೆಯಲ್ಲಿ ಫೋನೀಮ್ 44 ಅಂತ ಸಾಮಾನ್ಯ ಲೆಕ್ಕ: ವ್ಯಂಜನ 24, ಸ್ವರ 20. ಕನ್ನಡದಲ್ಲಿ ಬರೆದ ಹಾಗೆ ಓದಿ ಬೆಳೆದವರಿಗೆ ಇದು ಅನ್ಯಾಯ ಅನ್ನಿಸುವುದು ಸಹಜ.

ನಮ್ಮ ತೊಡಕುಗಳೆಲ್ಲ ಇಲ್ಲೇ ಅರ್ಥವಾಗುತ್ತವೆ. ಬನಿಯನ್ನಿಗೂ 'ವೆಸ್ಟ್', ಪಶ್ಚಿಮಕ್ಕೂ 'ವೆಸ್ಟ್' ಅಂತಲೇ ನಾವು ಬರೆಯುವುದು. ಇಂಗ್ಲಿಷಿನ ಎರಡು ಫೋನೀಮ್‌ಗೆ ನಮ್ಮಲ್ಲಿ ಒಂದೇ 'ವ'. ಹಳ್ಳಿಯಲ್ಲಿ 'ಇಸ್ಕೂಲು' ಅನ್ನುತ್ತಾರೆ. ಮೊದಲಲ್ಲಿ ಒತ್ತಕ್ಷರ ಕಷ್ಟ ಅಂತ ಒಂದು 'ಇ', ಕೊನೆಯ ವ್ಯಂಜನ ಬರಿದಾಗಿ ನಿಲ್ಲಬಾರದು ಅಂತ ಒಂದು 'ಉ'. ಬಸ್ಸು, ಕಾರು, ಪೆನ್ನು ಎಲ್ಲ ಇದೇ ನಿಯಮ. ಇದು ದಡ್ಡತನವಲ್ಲ, ಭಾಷೆ ತನ್ನ ವ್ಯಾಕರಣದ ಪ್ರಕಾರ ನಡೆದದ್ದು. ಭಾಷಾಶಾಸ್ತ್ರದಲ್ಲಿ ಹೀಗೆ ಸ್ವರ ಸೇರಿಸುವುದಕ್ಕೆ 'ಎಪೆಂಥಿಸಿಸ್' ಎಂಬ ಗಂಭೀರ ಹೆಸರೂ ಇದೆ.

ಇನ್ನು 'ಶ್ವಾ'. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬರುವ ಸ್ವರ ಇದು, ಆದರೆ ಇದಕ್ಕೆ ತನ್ನದೇ ಅಕ್ಷರ ಇಲ್ಲ. 'ಬನಾನಾ' ಪದದ ಇಂಗ್ಲಿಷ್ ಸ್ಪೆಲಿಂಗಿನಲ್ಲಿ 'ಎ' ಎಂಬ ಒಂದೇ ಅಕ್ಷರ ಮೂರು ಸಲ ಇದೆ. ನಡುವಿನದು ಮಾತ್ರ ಪೂರ್ತಿ ಸ್ವರ, ಉಳಿದೆರಡೂ ಬಾಯಿ ಅರೆಬರೆ ತೆರೆದು ಹೇಳುವ ಶ್ವಾ. ನಾವು ಎಲ್ಲ ಸ್ವರವನ್ನೂ ಪ್ರಾಮಾಣಿಕವಾಗಿ ಪೂರ್ತಿ ಉಚ್ಚರಿಸುತ್ತೇವೆ. ಅದಕ್ಕೇ ನಮ್ಮ ಇಂಗ್ಲಿಷಿನ ಲಯ ಬೇರೆ.

ಮಾರ್ಫೀಮ್?

ಅರ್ಥ ಇರುವ ಅತಿ ಚಿಕ್ಕ ತುಂಡು. 'ಮನೆಗಳಲ್ಲಿ' ಬಿಡಿಸಿ: ಮನೆ, ಗಳ್, ಅಲ್ಲಿ. ಮೂರು. ಮನೆ ಒಂಟಿಯಾಗಿ ನಿಲ್ಲುತ್ತದೆ, ಅದು 'ಫ್ರೀ'. ಗಳ್ ನಿಲ್ಲುವುದಿಲ್ಲ, ಅದು 'ಬೌಂಡ್'.

ರೆಜಿಸ್ಟರ್ ಅಂದರೆ ಹಾಜರಿ ಪುಸ್ತಕ ಅಲ್ವಾ?

ಭಾಷಾಶಾಸ್ತ್ರದಲ್ಲಿ ಅಲ್ಲ. ಸಂದರ್ಭಕ್ಕೆ ತಕ್ಕ ಹಾಗೆ ಬದಲಾಗುವ ಮಾತಿನ ಬಗೆಯೇ ರೆಜಿಸ್ಟರ್. ಅದೇ ಹುಡುಗಿ ಗೆಳತಿಗೆ 'ಬರ್ತೀಯೇನೇ?' ಅನ್ನುತ್ತಾಳೆ, ಅರ್ಜಿಯಲ್ಲಿ 'ತಾವು ದಯಮಾಡಿ ಆಗಮಿಸಬೇಕಾಗಿ ಕೋರಿಕೆ' ಅಂತ ಬರೆಯುತ್ತಾಳೆ. ವ್ಯಕ್ತಿ ಒಬ್ಬಳೇ, ರೆಜಿಸ್ಟರ್ ಎರಡು. ಡಯಲೆಕ್ಟ್ ಅಂದರೆ ಊರಿಗೋ ಸಮುದಾಯಕ್ಕೋ ಸೇರಿದ ಭಾಷಾರೂಪ. ಧಾರವಾಡದ್ದು, ಮಂಗಳೂರಿನದು ಅನ್ನುತ್ತೇವಲ್ಲ, ಅದು. ಅದರಲ್ಲಿ ಪದ, ವ್ಯಾಕರಣವೂ ಬೇರೆಯಾಗುತ್ತವೆ. ಉಚ್ಚಾರ ಮಾತ್ರ ಬೇರೆಯಾದರೆ ಆಕ್ಸೆಂಟ್.

ಸೆಮ್ಯಾಂಟಿಕ್ಸ್‌ಗೂ ಪ್ರಾಗ್ಮ್ಯಾಟಿಕ್ಸ್‌ಗೂ ಏನು ವ್ಯತ್ಯಾಸ?

'ಊಟ ಆಯ್ತಾ?' ಇಷ್ಟು ಸಾಕು. ಸೆಮ್ಯಾಂಟಿಕ್ಸ್ ಪ್ರಕಾರ ಇದು ಊಟದ ಬಗ್ಗೆ ಪ್ರಶ್ನೆ. ಪ್ರಾಗ್ಮ್ಯಾಟಿಕ್ಸ್ ಕೇಳುವುದೇ ಬೇರೆ: ಯಾರು, ಯಾರಿಗೆ, ಯಾವಾಗ, ಯಾಕೆ ಅಂದರು? ದಾರಿಯಲ್ಲಿ ಸಿಕ್ಕವರು ಹೀಗೆ ಕೇಳಿದಾಗ 'ಇಲ್ಲ, ಅನ್ನ ಇನ್ನೂ ಬೇಯ್ತಿದೆ, ಸಾರು ನಿನ್ನೆಯದು' ಅಂತ ವರದಿ ಒಪ್ಪಿಸಿದರೆ ವಿಚಿತ್ರ. ಅದು ಮಾಹಿತಿ ಕೇಳುವ ಮಾತೇ ಅಲ್ಲ, ನಂಟು ಉಳಿಸಿಕೊಳ್ಳುವ ಮಾತು. ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1923ರಲ್ಲಿ ಇಂಥ ಮಾತಿಗೆ 'ಫ್ಯಾಟಿಕ್' ಎಂಬ ಹೆಸರು ಕೊಟ್ಟ. ಇಂಗ್ಲಿಷರು ಹವಾಮಾನದ ಬಗ್ಗೆ ಮಾತಾಡುವುದೂ ಇದೇ ಕಾರಣಕ್ಕೆ.

ನಾಟಕ ಓದುವವರಿಗೂ ಇದು ಉಪಯೋಗದ ಪದ. ಇಂಗ್ಲಿಷ್ ನಾಟಕಕಾರ ಪಿಂಟರ್‌ನ ನಾಟಕಗಳಲ್ಲಿ ಜನ ಏನೂ ಇಲ್ಲದ ಮಾತು ಆಡುತ್ತಿರುತ್ತಾರೆ, ಅದರ ಅಡಿಯಲ್ಲಿ ಬೆದರಿಕೆ ಹರಿಯುತ್ತಿರುತ್ತದೆ. ಹೇಳದೆ ಉಳಿದ ಆ ಭಾಗಕ್ಕೆ 'ಸಬ್‌ಟೆಕ್ಸ್ಟ್' ಅನ್ನುತ್ತಾರೆ.

ಈ ಪದಗಳನ್ನು ಹೇಗೆ ಉಚ್ಚರಿಸಬೇಕು? ಸೆಮಿನಾರಿನಲ್ಲಿ ನಗುತ್ತಾರೆ.

ನಗುವವರೂ ಮನೆಯಲ್ಲಿ ಡಿಕ್ಷನರಿ ತೆಗೆದು ನೋಡಿ ಬಂದವರೇ. ಸೊ-ಲಿ-ಲ-ಕ್ವಿ, ಸಿ-ನೆಕ್-ಡ-ಕಿ, ಹೈ-ಪರ್-ಬ-ಲಿ. ಕೊನೆಯದನ್ನು (ಅಂದರೆ ಅತಿಶಯೋಕ್ತಿ) ನಾನು ಎರಡು ವರ್ಷ 'ಹೈಪರ್‌ಬೋಲ್' ಅಂದಿದ್ದೇನೆ. ಫೋನಿನ ಡಿಕ್ಷನರಿಯಲ್ಲಿ ಸ್ಪೀಕರ್ ಗುರುತು ಒತ್ತಿದರೆ ಕೇಳಿಸುತ್ತದೆ. ಒತ್ತು ಎಲ್ಲಿ ಬೀಳುತ್ತದೆ ಅಂತ ಗಮನಿಸಿ.

ಉತ್ತರದಲ್ಲಿ ಎಷ್ಟು ಪದ ಬಳಸಿದರೆ ಒಳ್ಳೆಯದು?

ಅಧ್ಯಾಪಕರಾಗಲು ಬರೆಯುವ ನೆಟ್ (NET) ಥರದ ಪರೀಕ್ಷೆಯಲ್ಲಿ ಬರೀ ಟಿಕ್ ಹಾಕುವುದು, ಅಲ್ಲಿ ಹೆಸರು, ವರ್ಷ, ಯಾರು ಹೇಳಿದ್ದು ಇವೆಲ್ಲ ಬೇಕು. ಪ್ರಬಂಧದಲ್ಲಿ ಬೇರೆ. ಇಲ್ಲಿ ಎರಡು ವಾಕ್ಯ ನೋಡಿ.

'ಈ ದೃಶ್ಯದಲ್ಲಿ ಕವಿ ಮೆಟಫರ್, ಅಲಿಟರೇಷನ್, ಐರನಿ ಮತ್ತು ಇಮೇಜರಿಯನ್ನು ಸಮರ್ಥವಾಗಿ ಬಳಸಿದ್ದಾರೆ.'

'ರಾಜನನ್ನು ಕೊಲ್ಲುವ ಯೋಚನೆ ಹೊತ್ತ ಮನೆಗೇ ರಾಜ ಬಂದು, ಇಲ್ಲಿನ ಗಾಳಿ ಹಿತವಾಗಿದೆ ಎಂದು ಹೊಗಳುತ್ತಾನೆ. ಈ ಡ್ರಾಮಾಟಿಕ್ ಐರನಿಯಿಂದ ಅವನ ಒಳ್ಳೆಯತನವೇ ನಮಗೆ ಸಂಕಟ ಕೊಡುತ್ತದೆ.'

ಮೊದಲನೆಯದರಲ್ಲಿ ನಾಲ್ಕು ಪದ. ಅದನ್ನು ಯಾವ ನಾಟಕದ ಯಾವ ದೃಶ್ಯಕ್ಕೆ ಬೇಕಾದರೂ ಅಂಟಿಸಬಹುದು, ಎಷ್ಟೋ ಜನ ಅಂಟಿಸುತ್ತಾರೆ ಕೂಡ. ಎರಡನೆಯದರಲ್ಲಿ ಒಂದೇ ಪದ. ಅದು ಮ್ಯಾಕ್‌ಬೆತ್ ಬಿಟ್ಟು ಬೇರೆಲ್ಲೂ ಕೂರುವುದಿಲ್ಲ. ಉತ್ತರ ಪತ್ರಿಕೆ ತಿದ್ದುವಾಗ ನನ್ನ ಪೆನ್ನು ನಿಲ್ಲುವುದು ಎರಡನೆಯದರ ಹತ್ತಿರ.